ಮೂವತ್ತೇಳನೆಯ ಚೀಟಿ

ಮನುಷ್ಯನ ನೆನಪನ್ನು ನಂಬಬಾರದು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದುವಾಗಲೇ ನಾನು ಇದನ್ನು ಕಂಡುಕೊಂಡಿದ್ದೆ. ಯಾರಾದರೂ "ನನಗೆ ಚೆನ್ನಾಗಿ ನೆನಪಿದೆ" ಎಂದರೆ ಸಾಕು, ನನಗೆ ಅನುಮಾನ ಶುರುವಾಗುತ್ತಿತ್ತು. ಬೇರೆಯವರದು ಹಾಗಿರಲಿ, ನನ್ನ ನೆನಪನ್ನೂ ನಾನು ನಂಬುತ್ತಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ, ಓಣಿಯ ತಿರುವಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ನೋಡಿ, ನೋಡಿದೆನೋ ಇಲ್ಲವೋ ಎಂದು ಮತ್ತೊಮ್ಮೆ ತಿರುಗಿ ಬಂದವನು ನಾನು. ಇಂಥವನ ಕೈಗೆ ಒಂದು ಇಡೀ ಕಚೇರಿಯನ್ನು ಒಪ್ಪಿಸಿದರು!

ಆದ್ದರಿಂದ ಈ ಬರಹದಲ್ಲಿ ವಾರ, ಹೊತ್ತುಗಳು ಹಿಂದುಮುಂದಾಗಿದ್ದರೆ ಓದುಗರು ಮನ್ನಿಸಬೇಕು. ಬರೆದದ್ದನ್ನೆಲ್ಲ ಹೆಂಡತಿಗೆ ಓದಿ ಹೇಳಿದ್ದೇನೆ. ಆಕೆ ತಿದ್ದಿದ ಕಡೆ ತಿದ್ದಿದ್ದೇನೆ. ತಿದ್ದದೆ ಬಿಟ್ಟ ಕಡೆ ಆಕೆಗೆ ನಗು ಬಂದು ಮಾತಾಡಲು ಆಗಿರಲಿಲ್ಲ.

ಆಗ ನಾನು ಪುಣೆಯ ಒಂದು ಕಾಲುವೆ ಕಚೇರಿಯಲ್ಲಿ ಹಂಗಾಮಿ ಗುಮಾಸ್ತ. ಕಚೇರಿ ಇದ್ದದ್ದು ಈಗ ಶಿವಾಜಿನಗರವಾಗಿರುವ ಭಾಂಬುರ್ಡೆಯ ಕಡೆ. ಆಣೆಕಟ್ಟಿನಿಂದ ಹೊರಟ ನೀರನ್ನು ಊರೂರಿಗೆ ಸರದಿಯ ಮೇಲೆ ಹಂಚುವುದು ನಮ್ಮ ಕೆಲಸ. ಆ ಸರದಿಗೆ ಪಾಳಿ ಎನ್ನುತ್ತಿದ್ದೆವು. ಕಾಲುವೆಯ ಬಾಲದಲ್ಲಿ ಇಂದಾಪುರದ ಸೀಮೆ. ಅಲ್ಲಿಯ ಕಬ್ಬಿಗೆ ಹೇಳಿದ ದಿನ ನೀರು ಮುಟ್ಟಿದರೆ ಕಚೇರಿ ನೆಟ್ಟಗಿದೆ ಎಂದರ್ಥ. ಮುಟ್ಟದಿದ್ದರೆ ಇಂದಾಪುರದವರು ಗುಂಪಾಗಿ ಮೋಟಾರು ಹತ್ತಿ ಬಂದು ನಮ್ಮ ವರಾಂಡದಲ್ಲಿ ಕೂರುತ್ತಿದ್ದರು. ಬೈಯುತ್ತಿರಲಿಲ್ಲ. ಸುಮ್ಮನೆ ನಮ್ಮನ್ನೇ ನೋಡುತ್ತ ಕೂರುತ್ತಿದ್ದರು. ಅದಕ್ಕಿಂತ ಬೈಗುಳವೇ ವಾಸಿ.

ಕಚೇರಿಯೆಂದರೆ ಒಂದೇ ದೊಡ್ಡ ಹಜಾರ. ಅದರಲ್ಲಿ ಮೂರು ವಿಭಾಗ. ರೈತರ ಅರ್ಜಿ ತೆಗೆದುಕೊಳ್ಳುವುದು ಒಂದು, ಪಾಳಿಯ ದಿನ ಗೊತ್ತುಮಾಡುವುದು ಒಂದು, ಕಾಲುವೆಯ ದುರಸ್ತಿ ನೋಡುವುದು ಒಂದು. ಪಾಳಿಗೆ ಕುಲಕರ್ಣಿ, ದುರಸ್ತಿಗೆ ಸಾಠೆ. ಇಬ್ಬರೂ ಹಜಾರದ ಈ ತುದಿಯಿಂದ ಆ ತುದಿಗೆ ಕೂಗಿ ಮಾತಾಡುವವರು. ಇವರ ನಡುವೆ ಓಡಾಡುವವನು ಪಟ್ಟೆವಾಲಾ, ಅಂದರೆ ಜವಾನ, ಮಲ್ಲಪ್ಪ. ಅಥಣಿ ಕಡೆಯವನು, ಸಾಹೇಬರುಗಳು ಬಂದು ಹೋದರೂ ತಾನು ಹೋಗದೆ ಉಳಿದವನು. ಸೊಂಟದಲ್ಲಿ ಒಂದು ಚಂಚಿ. ಆ ಬಟ್ಟೆಯ ಚೀಲದಲ್ಲಿ ಎಷ್ಟು ಅರೆಗಳಿದ್ದವೋ ದೇವರೇ ಬಲ್ಲ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಮಲ್ಲಪ್ಪ ಚಂಚಿ ಬಿಚ್ಚಿದನೆಂದರೆ ಕಚೇರಿಯೇ ಅಲ್ಲಿಗೆ ಎದ್ದು ಹೋಗುತ್ತಿತ್ತು. ಅಲ್ಲಿಯ ಪದ್ಧತಿ ಒಂದೇ: ಎಲೆ ತೆಗೆದುಕೊಳ್ಳುವವನು ಒಂದು ಸುದ್ದಿ ಕೊಡಬೇಕು. ಸುದ್ದಿ ಇಲ್ಲದವನಿಗೆ ಎಲೆ ಇಲ್ಲ! ಸುದ್ದಿ ಎಂದರೆ ಕಚೇರಿಯದೇ ಆಗಬೇಕು. ಮಾವನ ಮನೆಯದು ನಡೆಯುತ್ತಿರಲಿಲ್ಲ.

ಹೊಸದಾಗಿ ಬಂದ ಇಂಗ್ಲಿಷ್ ಸಾಹೇಬರು ಮೊದಲ ದಿನವೇ ಈ ಸಭೆಯನ್ನು ಕಂಡು, "ಇವರೆಲ್ಲ ಏನು ಮಾಡುತ್ತಿದ್ದಾರೆ?" ಎಂದು ಕೇಳಿದರು. ಪಕ್ಕದಲ್ಲಿ ನಾನಿದ್ದೆ.

"ಕಾಲಹರಣ" ಎಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಬಾಯಿ ಮಾತಿನ ಮೇಲೆ, ನೆನಪಿನ ಮೇಲೆ ನಡೆಯುವ ಕಚೇರಿ ಎಂದಾದರೊಂದು ದಿನ ಮುಳುಗುತ್ತದೆ ಎಂದು ಒಂದು ಉಪನ್ಯಾಸವನ್ನೇ ಕೊಟ್ಟೆ. ಮರುದಿನ ಒಂದು ನಕ್ಷೆಯನ್ನೂ ತಂದುಕೊಟ್ಟೆ. ಅದರ ಪ್ರಕಾರ ಒಂದು ವಿಭಾಗ ಇನ್ನೊಂದು ವಿಭಾಗದ ಜೊತೆ ಮಾತಾಡಕೂಡದು. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆಯಬೇಕು. ಚೀಟಿ ಮೇಲಕ್ಕೆ ಬಂದು, ನಂಬರು ಪಡೆದು, ಸಹಿಯಾಗಿ, ಸಂಬಂಧಪಟ್ಟವರ ಕಡೆಗೆ ಕೆಳಕ್ಕೆ ಇಳಿಯಬೇಕು. ಎಲ್ಲ ಗೆರೆಗಳೂ ಮೇಲೆ ಒಂದು ಚೌಕಕ್ಕೆ ಬಂದು ಸೇರುತ್ತಿದ್ದವು. ಆ ಚೌಕದಲ್ಲಿ ನನ್ನ ಹೆಸರಿತ್ತು.

ಸಾಹೇಬರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. "ನಿನಗೆ ಕಾಲುವೆಯ ಕೆಲಸ ಗೊತ್ತೆ?"

"ಇಲಾಖೆಯ ಕೆಂಪು ಕೈಪಿಡಿಯನ್ನು ಎಂಟು ತಿಂಗಳಿನಿಂದ ಓದುತ್ತಿದ್ದೇನೆ, ಸರ್. ಗೊತ್ತಿರುವುದೆಲ್ಲ ಅದರಿಂದಲೇ ಗೊತ್ತು." ಹಾಗೆಂದು ನನಗೆ ನೆನಪಿತ್ತು.

"ಸರಿ. ಬೇಸಿಗೆಯ ಪಾಳಿಯವರೆಗೆ ನಡೆಸಿ ತೋರಿಸು. ಹೇಳಿದ ದಿನ ಇಂದಾಪುರಕ್ಕೆ ನೀರು ಮುಟ್ಟಿದರೆ ನಿನ್ನ ನೌಕರಿ ಖಾಯಂ. ಮುಟ್ಟದಿದ್ದರೆ ನೀನೂ ನಿನ್ನ ನಕ್ಷೆಯೂ ಜೊತೆಯಾಗಿ ಮನೆಗೆ ಹೋಗಬಹುದು."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಜೋಳದ ಭಕ್ರಿ ಬಡಿಯುತ್ತಿದ್ದಳು.

"ಅಂದ್ರ ಇನ್ನ ಮ್ಯಾಲೆ ಎಲ್ಲಾರೂ ನಿಮಗ ಹೇಳಬೇಕು, ನೀವು ಎಲ್ಲಾರಿಗೂ ಹೇಳಬೇಕು?"

"ಹೌದು. ಬಹಳ ಸರಳ."

"ನಿನ್ನೆ ನಿಮಗ ಬರುವಾಗ ಉಪ್ಪು ತಗೊಂಡ ಬರ್ರಿ ಅಂದಿದ್ದೆ."

"ತಂದೆನಲ್ಲ!"

"ಸುಣ್ಣ ತಂದ್ರಿ."

ಇದು ಚರ್ಚೆಗೆ ಸಂಬಂಧಪಡದ ವಿಷಯವೆಂದು ನಾನು ಅಲ್ಲಿಗೆ ಬಿಟ್ಟೆ.

ಒಂದು ವಾರದಲ್ಲಿ ಹಜಾರದಲ್ಲಿ ಬಿದಿರು ನಿಂತಿತು, ಬಿದಿರಿಗೆ ಗೋಣಿತಟ್ಟಿನ ಪರದೆಗಳು ಬಂದವು. ನಡುವೆ ನನ್ನ ಮೇಜು. ಏಳು ನಿಯಮಗಳನ್ನು ದಪ್ಪ ಅಕ್ಷರದಲ್ಲಿ ಬರೆಸಿ ತೂಗುಹಾಕಿದೆ. ನಾಲ್ಕನೆಯದು, ಕಚೇರಿಯ ಆವರಣದಲ್ಲಿ ಯಾರೂ ಚಂಚಿ ಬಿಚ್ಚತಕ್ಕದ್ದಲ್ಲ. ಆರನೆಯದು, ಒಮ್ಮೆ ಚೀಟಿಯಲ್ಲಿ ಬರೆದ ವಿಷಯವನ್ನು ಎರಡನೆಯ ಸಲ ಬರೆಯತಕ್ಕದ್ದಲ್ಲ. ಕಾಗದ ಉಳಿಯಬೇಕಲ್ಲ!

ಮಲ್ಲಪ್ಪ ನಿಯಮಗಳನ್ನು ನನ್ನಿಂದ ಓದಿಸಿಕೊಂಡು ಕೇಳಿದ. ತಲೆ ಕೆರೆದುಕೊಂಡ.

"ರಾಯರ, ಒಂದ್ ಮಾತ್ ಕೇಳ್ಲ್ಯಾ? ಮಾತಾಡಬ್ಯಾಡ್ರಿ ಅಂತೀರಿ. ಹಂಗಾರ ಗೊತ್ತಾಗೋದು ಹೆಂಗ್ರಿ?"

"ಬೇಕಾದವರು ಚೀಟಿಯಲ್ಲಿ ಕೇಳುತ್ತಾರೆ."

"ಏನ್ ಕೇಳಬೇಕು ಅನ್ನೋದ, ನಾಕ್ ಮಾತಾಡಿದ ಮ್ಯಾಲೆ ಅಲ್ರೀ ಹೊಳಿಯೋದು?"

ಕಾಲೇಜು ಮೆಟ್ಟಿಲು ಹತ್ತದವನಿಗೆ ಇದನ್ನೆಲ್ಲ ಬಿಡಿಸಿ ಹೇಳುವುದು ಕಷ್ಟ. ನಾನು ಕನಿಕರದಿಂದ ನಕ್ಕೆ.

ಆಹಾ, ಆ ನಿಶ್ಶಬ್ದ! ಮೊದಲ ವಾರ ಕಚೇರಿಯಲ್ಲಿ ಕಾಗದದ ಮೇಲೆ ಟಾಕಿನ ಲೇಖನಿಗಳು ಗೀಚುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸಾಹೇಬರು ಬಾಗಿಲಲ್ಲಿ ನಿಂತು ಕಿವಿಗೊಟ್ಟು, ತೃಪ್ತಿಯಿಂದ ತಲೆಯಾಡಿಸಿ ಹೋದರು. ಎರಡನೆಯ ವಾರ ಚೀಟಿಗಳು ನನ್ನ ಮೇಜಿನಲ್ಲಿ ತುಂಬಿದವು. ಮೂರನೆಯ ವಾರ ಕುರ್ಚಿಯ ಮೇಲೆ ಕೂತವು, ನಾನು ನಿಂತುಕೊಂಡೆ. ನಾಲ್ಕನೆಯ ವಾರದಿಂದ ಕೋಟಿನ ಕಿಸೆಗಳಲ್ಲಿ ತುಂಬಿಕೊಂಡು ಮನೆಗೆ ತರತೊಡಗಿದೆ. ಹನ್ನೊಂದಕ್ಕೆ ತೆರೆಯುವ ಕಚೇರಿಗೆ ನಾನು ಪರದೆ ನಿಂತ ದಿನದಿಂದಲೇ ಎಂಟಕ್ಕೆ ಹೊರಡುತ್ತಿದ್ದೆ. ಓದಲು ಹೊತ್ತಿಲ್ಲದೆ ಬರಿಯ ಸಹಿ ಹಾಕಿ ಕಳಿಸುವುದೂ ನಡೆಯಿತು. ನಡೆದಿರಬೇಕು. ನೆನಪಿಲ್ಲ.

ಅರ್ಜಿ ವಿಭಾಗಕ್ಕೆ ಬಂದ ಒಬ್ಬ ಹೊಸ ಗುಮಾಸ್ತ, ಹೊಲದ ಸರ್ವೆ ನಂಬರು ಬರೆದಿಲ್ಲವೆಂದು ಒಂದು ಇಡೀ ಊರಿನ ಅರ್ಜಿಗಳನ್ನು ವಾಪಸು ಕಳಿಸಿದ. ಆ ನಂಬರುಗಳೆಲ್ಲ ಇದ್ದ ರಿಜಿಸ್ಟರು ಅವನ ಬೆನ್ನ ಹಿಂದೆಯೇ ಇತ್ತು! ಒಂದು ತಿಂಗಳು ಅದಕ್ಕೆ ಒರಗಿಕೊಂಡು ಕೂತಿದ್ದ. ಹಿಂದಾಗಿದ್ದರೆ ಮೊದಲನೆಯ ಎಲೆಗೇ ಯಾರಾದರೂ ಹೇಳುತ್ತಿದ್ದರು. ನಾನೇನು ಮಾಡಿದೆ? ಎಂಟನೆಯ ನಿಯಮ ಬರೆದೆ.

ಇಷ್ಟಾದರೂ ಕಚೇರಿ ನಡೆಯುತ್ತಿತ್ತು. ಆ ಊರಿನ ಅರ್ಜಿಗಳು ಅದು ಹೇಗೋ ತಿರುಗಿ ಬಂದವು. ತಪ್ಪುಗಳು ಆಗಬೇಕಾದಷ್ಟು ಆಗುತ್ತಿರಲಿಲ್ಲ. ಅದೆಲ್ಲ ನಕ್ಷೆಯ ಮಹಿಮೆ ಎಂದುಕೊಂಡೆ.

ಬೇಸಿಗೆಯ ಪಾಳಿ ಬಂತು. ಇಂದಾಪುರಕ್ಕೆ ಶುಕ್ರವಾರ ನೀರು ಮುಟ್ಟುತ್ತದೆ ಎಂದು ಸಾಹೇಬರೇ ಮಾತು ಕೊಟ್ಟಿದ್ದರು. ಬಾಲದವರೆಗೆ ನೀರು ಹರಿಯಲು ಮೂರು ದಿನ ಬೇಕು. ಆದ್ದರಿಂದ ಮಂಗಳವಾರ ಬೆಳಿಗ್ಗೆ ಆಣೆಕಟ್ಟಿನಲ್ಲಿ ನೀರು ಬಿಡುವುದೆಂದು ಗೊತ್ತಾಗಿತ್ತು.

ಮಂಗಳವಾರ ಮಧ್ಯಾಹ್ನ, ನಾನು ಒಂದು ಚೀಟಿಗೆ ಸಹಿ ಹಾಕುತ್ತಿದ್ದವನು ಅಲ್ಲೇ ನಿಂತುಬಿಟ್ಟೆ. ಗಾರೆ. ಗಾರೆಯ ಬಗ್ಗೆ ಏನನ್ನೋ ಓದಿದ್ದೆನಲ್ಲ? ಕಾಲುವೆಯ ಗೋಡೆ ಒಂದು ಕಡೆ ಕುಸಿದಿತ್ತು. ಗಾರೆ ಬರುವುದು ತಡವಾಯಿತು, ಗೋಡೆ ಕಟ್ಟುವ ಗವಂಡಿಗಳು ಬುಧವಾರದವರೆಗೂ ಖಾಲಿ ಕಾಲುವೆಯೊಳಗೆ ಕೆಲಸ ಮಾಡುತ್ತಾರೆ... ಹೀಗೇನೋ ಸಾಠೆ ಬರೆದಿದ್ದ. ಬರೆದಿದ್ದನೆ? ಅಥವಾ ನಾನೇ ಕಲ್ಪಿಸಿಕೊಂಡೆನೆ? ಬರೆದಿದ್ದರೆ, ಬೆಳಿಗ್ಗೆ ಬಿಟ್ಟ ನೀರು ಈಗ ಆ ಗವಂಡಿಗಳ ಕಡೆಗೆ ಹೊರಟಿತ್ತು!

ಸಾಠೆ ಪರದೆಯ ಆಚೆಗೆ ಹತ್ತು ಹೆಜ್ಜೆ ದೂರದಲ್ಲಿ ಕೆಮ್ಮುತ್ತಿದ್ದ. ಎದ್ದು ಹೋಗಿ ಕೇಳಬಹುದಿತ್ತು. ಆದರೆ ನಿಯಮ ಬರೆದವನೇ ನಿಯಮ ಮುರಿಯುವುದೆ? ಚೀಟಿ ಬರೆದೆ: "ಗಾರೆಯ ವಿಷಯವಾಗಿ ತಾವು ನನಗೆ ಚೀಟಿ ಕಳಿಸಿದ್ದೀರಾ?"

ಮಲ್ಲಪ್ಪ ಅದನ್ನು ಗಂಭೀರವಾಗಿ ತಟ್ಟೆಯಲ್ಲಿಟ್ಟುಕೊಂಡು ಹೋದ. ಉತ್ತರ ಬಂತು: "ಹೌದು. ಈ ಪಾಳಿಯ ಚೀಟಿ ನಂಬರು ಮೂವತ್ತೇಳು ನೋಡುವುದು."

ಮೂವತ್ತಾರು ಸಿಕ್ಕಿತು. ಮೂವತ್ತೆಂಟು ಸಿಕ್ಕಿತು. ಮೂವತ್ತೇಳಿಲ್ಲ! ಮತ್ತೆ ಬರೆದೆ: "ಮೂವತ್ತೇಳರಲ್ಲಿ ಏನಿದೆ? ತುರ್ತು."

ಉತ್ತರ: "ಆರನೆಯ ನಿಯಮದ ಪ್ರಕಾರ ಒಮ್ಮೆ ಬರೆದದ್ದನ್ನು ಎರಡನೆಯ ಸಲ ಬರೆಯತಕ್ಕದ್ದಲ್ಲ."

ಮಲ್ಲಪ್ಪ ತಟ್ಟೆ ಹಿಡಿದು ನಿಂತೇ ಇದ್ದ. "ಇನ್ನೊಂದ್ ಚೀಟಿ ಬರೀತೀರೇನ್ರೀ?"

ನಾನು ಬರೆಯಲಿಲ್ಲ. ಪರದೆಗೆ ನುಗ್ಗಿದೆ. ಪರದೆಗೆ ಬಾಗಿಲು ಇಡಿಸಿದ್ದು ಇನ್ನೊಂದು ಕಡೆ ಎಂಬುದು ನುಗ್ಗಿದ ಮೇಲೆ ತಿಳಿಯಿತು. ಬಿದಿರು, ಗೋಣಿತಟ್ಟು, ನಿಯಮಗಳ ಹಲಗೆ ಮತ್ತು ನಾನು ಎಲ್ಲರೂ ಒಟ್ಟಿಗೆ ಸಾಠೆಯ ಮೇಜಿನ ಮೇಲೆ ಬಿದ್ದೆವು.

"ಗವಂಡಿಗಳು ಎಲ್ಲಿದ್ದಾರೆ?" ಎಂದು ಮಲಗಿದಲ್ಲಿಂದಲೇ ಕೇಳಿದೆ.

ಸಾಠೆ ತನ್ನ ಮರಾಠಿಯಲ್ಲಿ ಶಾಂತವಾಗಿ, "ಕಾಲುವೆಯೊಳಗೇ. ನಾಳೆ ಸಂಜೆಯವರೆಗೆ. ಆದರೆ ರಾವ್‌ಸಾಹೇಬ್..." ಎಂದ.

ಆ 'ಆದರೆ'ಯ ಮುಂದೆ ಏನಿತ್ತೋ ಕೇಳಲು ನಾನು ಅಲ್ಲಿರಲಿಲ್ಲ. ಹಜಾರ ದಾಟಿ, ವರಾಂಡ ದಾಟಿ, ರಸ್ತೆಯಲ್ಲಿದ್ದ ಟಾಂಗಾದೊಳಗಿದ್ದೆ. ಟಾಂಗಾದವನು ಎಲ್ಲಿಗೆ ಎಂದು ಕೇಳಿದಾಗಲೇ, ಗವಂಡಿಗಳು ಯಾವ ಊರಿನ ಹತ್ತಿರ ಇದ್ದಾರೆಂದು ಕೇಳುವುದನ್ನು ಮರೆತದ್ದು ಗೊತ್ತಾದದ್ದು. ಅದು ಮೂವತ್ತೇಳರಲ್ಲಿತ್ತು. ಮೂವತ್ತೇಳು ಶನಿವಾರ ಹಾಕಿಕೊಂಡಿದ್ದ ಕೋಟಿನಲ್ಲಿತ್ತು. ಇದೊಂದು ಮಾತ್ರ ನಿಚ್ಚಳವಾಗಿ ನೆನಪಾಯಿತು. ಮನೆಗೆ ಹೊಡೆಸಿದೆ. ದಾರಿಯುದ್ದಕ್ಕೂ ಕಣ್ಣಮುಂದೆ ಗವಂಡಿಗಳು ತೇಲಿ ಹೋಗುತ್ತಿದ್ದರು. ಅವರ ಹಿಂದೆ ತಟ್ಟಿಗಳು, ಬುಟ್ಟಿಗಳು, ನನ್ನ ನೌಕರಿ. ಅಯ್ಯೋ, ಗವಂಡಿಗಳಿಗೆ ಈಜು ಬರುತ್ತದೆಯೇ? ಯಾವ ಚೀಟಿಯಲ್ಲೂ ಅದನ್ನು ಬರೆದಿರಲಿಲ್ಲ.

ನಾವು ಬಾಡಿಗೆಗಿದ್ದ ವಾಡೆಯ ಅಂಗಳದಲ್ಲಿ ಕೋಟು ಹಗ್ಗದ ಮೇಲೆ ಒದ್ದೆಯಾಗಿ ತೂಗುತ್ತಿತ್ತು. ಕಿಸೆಗೆ ಕೈ ಹಾಕಿದೆ. ನೀರು ತೊಟ್ಟಿಕ್ಕಿತು. ಅಲ್ಲೇ ಬಾವಿಯ ಕಟ್ಟೆಯ ಮೇಲೆ ಕುಸಿದೆ.

ಹೆಂಡತಿ ಒಳಗಿಂದ ಬಂದಳು. "ಏನ್ ಹುಡಕತೀರಿ? ಗಾರೆ ಚೀಟಿಯೇನು?"

"ನಿನಗೆ ಹೇಗೆ ಗೊತ್ತು?"

"ಅಂಗಿ ಒಗಿಯೂ ಮುಂದ ಕಿಸೆ ನೋಡಬಾರದೇನು? ಒಳಗ ಮೊಳಿಗೆ ಚುಚ್ಚಿ ಇಟ್ಟೀನಿ."

"ನೀರು ಬಿಟ್ಟಿದ್ದಾರೆ, ಮಾರಾಯಳೆ! ಗವಂಡಿಗಳು ಕಾಲುವೆಯೊಳಗಿದ್ದಾರೆ!"

"ಯಾರಂದ್ರು? ನೀರು ನಾಳೆ ಸಂಜಿಗೆ ಬಿಡ್ತಾರ. ಕುಲಕರ್ಣಿಯವರು ಶನಿವಾರನ ದಿನಾ ಬದಲ್ ಮಾಡ್ಯಾರ, ನಿನ್ನೆ ನೀವು ಸಹಿ ಹಾಕೀರಿ."

"ನಾನು?"

"ಹೂಂ. ಓದಲಾರದ ಹಾಕೀರಂತ. ಸಾಠೆಯವರು ಹೇಳಿ ನಗತಿದ್ರು."

"ಎಲ್ಲಿ ನಗುತ್ತಿದ್ದರು?"

"ಇಲ್ಲೇ. ನೀವು ಕೂತ ಕಟ್ಟಿ ಮ್ಯಾಲೇ."

ನಾನು ಕಟ್ಟೆಯನ್ನು ನೋಡಿದೆ. ಅಂಚಿನಲ್ಲಿ ಸುಣ್ಣದ ಬೆರಳ ಗುರುತುಗಳು ಸಾಲಾಗಿದ್ದವು. ದಿನಾ ನೋಡುತ್ತಿದ್ದೆ. ದಿನಾ ನೋಡುತ್ತಿದ್ದೆನೆ?

ಆಮೇಲೆ ಆಕೆ ಹೇಳಿದ್ದನ್ನು ನಾನು ಬಾಯಿ ತೆರೆದುಕೊಂಡು ಕೇಳಿದೆ. ಚಂಚಿಯನ್ನು ಕಚೇರಿಯ ಆವರಣದಲ್ಲಿ ಬಿಚ್ಚಬಾರದು ಎಂದು ನಾನು ಬರೆಸಿದ ಮರುದಿನವೇ ಮಲ್ಲಪ್ಪ ಮನೆಗೆ ಬಂದು, "ಅಕ್ಕಾರ, ನಮ್ಮ ರಾಯರು ಎಂಟಕ್ಕ ಹೋಗತಾರ. ಒಂಬತ್ತಕ್ಕ ನಾವು ನಾಕ್ ಮಂದಿ ಬಾವಿ ಕಟ್ಟಿಗೆ ಬಂದು ಕುಂಡ್ರಲ್ಯಾ?" ಎಂದು ಕೇಳಿದ್ದನಂತೆ. ನಮ್ಮ ವಾಡೆ ಎಲ್ಲರ ದಾರಿಯಲ್ಲೇ ಇತ್ತು. ನಾಲ್ಕು ಮಂದಿ ಹೋಗಿ ಹತ್ತಾಯಿತು. ಆಕೆ ಚಹಾ ಕೊಟ್ಟಳು. ಪದ್ಧತಿ ಅದೇ: ಎಲೆಗೆ ಒಂದು ಸುದ್ದಿ. ವಾಪಸಾದ ಅರ್ಜಿಗಳು ತಿರುಗಿ ಬಂದದ್ದು ಈ ಕಟ್ಟೆಯಿಂದ. ಹೊಸ ಗುಮಾಸ್ತ ತನ್ನ ಬೆನ್ನ ಹಿಂದೆ ತಿರುಗಿ ನೋಡಿದ್ದೂ ಈ ಕಟ್ಟೆಯ ಮಾತಿನಿಂದ. ನನ್ನ ಕಿಸೆಯ ಚೀಟಿಗಳನ್ನು ಆಕೆ ಇಲ್ಲಿ ಓದಿ ಹೇಳುತ್ತಿದ್ದಳು!

"ಆದರೆ ಒಂದೂವರೆ ದಿನ ತಡವಾಯಿತಲ್ಲ. ಇಂದಾಪುರಕ್ಕೆ ಶುಕ್ರವಾರ ಹೇಗೆ ಮುಟ್ಟುತ್ತದೆ? ನನ್ನ ನೌಕರಿ..."

"ಅದನ್ನೂ ಮಾತಾಡ್ಯಾರ. ಮ್ಯಾಲಿನ ಊರಿನವರು ತಮ್ಮ ಕಾಲುವಿ ಬಾಗಲಾ ಮುಚ್ಚಿದರ ನೀರು ನೆಟ್ಟಗ ಬಾಲಕ್ಕ ಹೋಗ್ತದ, ಒಂದೂವರಿ ದಿನದಾಗ ಮುಟ್ಟತದ. ಮಲ್ಲಪ್ಪ ಸಂತ್ಯಾಗ ಆ ಊರಿನವರನ್ನ ಕಂಡು ಒಪ್ಪಿಸ್ಯಾನ. ಇಂದಾಪುರದವರಿಗೆ ಮೋಟಾರಿನ ಡ್ರೈವರನ ಕೈಲೆ ಹೇಳಿ ಕಳಿಸ್ಯಾರ."

"ಇದು ಕೈಪಿಡಿಯಲ್ಲಿ ಇಲ್ಲ!"

"ಮೂರು ದಿನ ಬೇಕು ಅನ್ನೋದು ಅದರಾಗ ಅದ ಏನು?"

"ಖಂಡಿತ. ಅದರಿಂದಲೇ ಕಲಿತದ್ದು."

"ಇಲ್ರೀ. ನೀವು ಹೊಸದಾಗಿ ಸೇರಿದಾಗ ಒಂದಿನ ಊಟಕ್ಕ ಕೂತು, 'ಇವತ್ತ ಮಲ್ಲಪ್ಪ ಹೇಳಿದ, ನೀರು ಮುಟ್ಟಲಿಕ್ಕೆ ಮೂರು ದಿನ ಬೇಕಂತ' ಅಂದ್ರಿ. ಯಾವ ಬಾಗಲಾ ಬಿಗೀತದ ಅನ್ನೋದು ಸಾಠೆಯವರು ಹೇಳಿದ್ದು. ಆವಾಗ ನಿಮ್ಮ ಬಾಯಿ ದಿನಾ ಕೆಂಪಗಿರ್ತಿತ್ತು."

ಒಳಗೆ ಹೋಗಿ ಕೈಪಿಡಿ ತೆಗೆದೆ. ಮೊದಲನೆಯ ಪುಟದಿಂದ ಕೊನೆಯವರೆಗೆ ತಿರುವಿದೆ. ಸೇತುವೆಯ ಅಳತೆಗಳಿದ್ದವು, ಸಮವಸ್ತ್ರದ ಗುಂಡಿಗಳ ವಿವರವಿತ್ತು. ಮೂರು ದಿನದ ಮಾತು ಎಲ್ಲಿಯೂ ಇರಲಿಲ್ಲ. ನನಗೆ ಗೊತ್ತಿದ್ದ ಯಾವುದೂ ಅದರಲ್ಲಿರಲಿಲ್ಲ! ಎಂಟು ತಿಂಗಳು ಆ ಮರದ ಕೆಳಗೆ ಕೂತು ಎಲೆ ಜಗಿಯುತ್ತ ನಾನು ಇಡೀ ಕೆಲಸವನ್ನು ಕಲಿತಿದ್ದೆ. ಕಲಿತ ಮೇಲೆ, ಎಲ್ಲಿ ಕಲಿತೆನೆಂಬುದನ್ನು ಮರೆತು ಆ ಶಾಲೆಯನ್ನೇ ಮುಚ್ಚಿಸಿದ್ದೆ. ಯಾರ ನೆನಪನ್ನೂ ನಂಬಬಾರದೆಂದು ಹೊರಟವನು ಇಡೀ ಕಚೇರಿಯನ್ನು ತಂದು ಒಂದೇ ಒಂದು ನೆನಪಿಗೆ ತೂಗುಹಾಕಿದ್ದೆ. ಅದೂ ಯಾರದು? ಉಪ್ಪಿಗೆ ಬದಲು ಸುಣ್ಣ ತಂದವನದು!

ಅಡಿಗೆಮನೆಯ ಗೋಡೆಯ ಮೊಳೆಯಲ್ಲಿ ನನ್ನ ಚೀಟಿಗಳು ನಂಬರಿನ ಪ್ರಕಾರ ಸಾಲಾಗಿ ಚುಚ್ಚಿದ್ದವು. ಒಂದೂ ತಪ್ಪಿರಲಿಲ್ಲ. ಅದರ ಮುಂದೆ ನಾನು ಗುಡಿಯಲ್ಲಿ ನಿಂತಂತೆ ನಿಂತೆ. ಸುಳ್ಳಲ್ಲ, ಕೈಗಳು ತಾವಾಗಿಯೇ ಜೋಡಿಕೊಂಡವು. ಒಗ್ಗರಣೆಯ ಹೊಗೆಯಲ್ಲಿ ಒಂದು ಸರಕಾರಿ ಕಚೇರಿ ನಡೆಯುತ್ತಿತ್ತು.

ಶುಕ್ರವಾರದವರೆಗೆ ನಾನು ಅನ್ನ ತಿಂದೆನೋ ಇಲ್ಲವೋ ತಿಳಿಯದು. (ಎರಡು ಹೊತ್ತೂ ತಿಂದೆನಂತೆ; ಇದು ಹೆಂಡತಿಯ ತಿದ್ದುಪಡಿ.) ಬುಧವಾರ ಸಂಜೆ ಗವಂಡಿಗಳು ಮೇಲಕ್ಕೆ ಬಂದರು, ನೀರು ಹೊರಟಿತು. ಗುರುವಾರ ಯಾವ ಸುದ್ದಿಯೂ ಇಲ್ಲ. ಶುಕ್ರವಾರ ಹತ್ತು ಸಲ ಗಡಿಯಾರ ನೋಡಿದೆ. ಮಧ್ಯಾಹ್ನ ಇಂದಾಪುರದಿಂದ ತಂತಿ ಬಂತು: "ನೀರು ಮುಟ್ಟಿತು."

ಸಾಹೇಬರು ಕರೆಸಿದರು. ಎದ್ದು ನಿಂತು ಕೈ ಕುಲುಕಿದರು! "ನಿನ್ನ ನಕ್ಷೆ ಗೆದ್ದಿತು. ಇದನ್ನು ಬೇರೆ ಕಚೇರಿಗಳಿಗೂ ಕಳಿಸುತ್ತೇನೆ."

ಖಾಯಂ ಹುಕುಮು ಅವರ ಮೇಜಿನ ಮೇಲೆಯೇ ಇತ್ತು, ಸಹಿಯೊಂದು ಬಾಕಿ. ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ಆದರೆ ಇನ್ನೊಂದು ಊರಿನಲ್ಲಿ ಇನ್ನೊಬ್ಬ ತರ್ಕಶಾಸ್ತ್ರದವನು, ಅವನ ಮನೆಯ ಹತ್ತಿರ ಬಾವಿ ಇರುತ್ತದೆಯೋ ಇಲ್ಲವೋ, ಅಲ್ಲಿಯ ಗವಂಡಿಗಳ ಗತಿಯೇನು?

"ಸರ್, ಈ ನೀರು ನನ್ನ ನಕ್ಷೆಯಿಂದ ಹೋದದ್ದಲ್ಲ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಆರನೆಯ ನಿಯಮ, ಒದ್ದೆ ಕೋಟು, ಮೊಳೆ, ಯಾವುದನ್ನೂ ಬಿಡಲಿಲ್ಲ.

ಸಾಹೇಬರ ಪೈಪು ಆರಿಹೋಯಿತು. "ಅಂದರೆ, ಮೂರು ತಿಂಗಳು ಈ ಕಚೇರಿ ನಿನ್ನ ಮನೆಯಲ್ಲಿ ನಡೆದಿದೆ?"

"ಹೌದು, ಸರ್."

"ಅಲ್ಲಿ ಇಲ್ಲದವನು ನೀನೊಬ್ಬನೇ?"

"ಹೌದು, ಸರ್."

ಅವರು ಕಿಟಕಿಯ ಕಡೆ ತಿರುಗಿ ನಿಂತರು. ಹೆಗಲು ಬಹಳ ಹೊತ್ತು ಕುಲುಕುತ್ತಿತ್ತು. ಆಮೇಲೆ ನಕ್ಷೆಯನ್ನು ಹರಿದರು, ಹುಕುಮಿಗೆ ಸಹಿ ಹಾಕಿದರು. ಯಾಕೆಂದು ನಾನು ಕೇಳಲಿಲ್ಲ. "ನಾಳೆಯಿಂದ ಪರದೆಗಳು ಬೇಡ. ಸಭೆ ಮರದ ಕೆಳಗೇ ನಡೆಯಲಿ. ನೀನೂ ದಿನಾ ಅಲ್ಲಿ ಕೂತುಕೋ. ಅದು ನನ್ನ ಆಜ್ಞೆ."

ಮರುದಿನ ಮಧ್ಯಾಹ್ನ ಮಲ್ಲಪ್ಪ ಬೇವಿನ ಕೆಳಗೆ ಚಂಚಿ ಬಿಚ್ಚಿದ. ನಾನು ಹೋಗಿ ಕೂತೆ. ಸಾಠೆ ಆಕಾಶ ನೋಡಿದ. ಕುಲಕರ್ಣಿ ಚಪ್ಪಲಿ ನೋಡಿದ. ಎಲೆಗೆ ಕೈ ಚಾಚಿದೆ.

"ಸುದ್ದಿ ಏನದರೀ, ರಾಯರ?" ಎಂದ ಮಲ್ಲಪ್ಪ.

ನನ್ನ ಹತ್ತಿರ ಒಂದೂ ಇರಲಿಲ್ಲ. "ನಾನು ಖಾಯಂ ಆದೆ" ಎಂದೆ.

"ಅದು ನಿನ್ನೇನ ಗೊತ್ತಾಗ್ಯದರೀ. ಹಳೇದು." ಚಂಚಿಯ ಬಾಯಿ ಮುಚ್ಚಿದ. ಕಾಲು ಗಂಟೆ ಎಲ್ಲರೂ ಬೇವಿನ ಎಲೆ ಎಣಿಸಿದರು. ಕೊನೆಗೆ ಮಲ್ಲಪ್ಪನೇ ಕೈಮುಗಿದು ಹೇಳಿದ: "ತಪ್ಪ್ ತಿಳೀಬ್ಯಾಡ್ರಿ. ನೀವು ಕುಂತ್ರ ಮಂದಿ ಬಾಯಿ ಬಿಡಂಗಿಲ್ಲ. ನೀವು ಆರಾಮ ಒಳಗ ಹೋಗಿ ಕುಂಡ್ರಿ. ಏನಿದ್ರೂ ನಾ ಸಂಜಿಗೆ ಅಕ್ಕಾರಿಗೆ ಹೇಳಿ ಹೋಗತೀನಿ."

ಅಂದಿನಿಂದ ಇಂದಿನವರೆಗೂ ಅದೇ ಏರ್ಪಾಡು. ಈಗ ನಾನು ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಕಚೇರಿಯಲ್ಲಿ ಏನು ನಡೆದಿದೆ ಎಂದು ಸಾಹೇಬರು ಕೇಳಿದರೆ, ನಾಳೆ ತಿಳಿಸುತ್ತೇನೆ ಎಂದು ಹೇಳಿ, ಮನೆಗೆ ಹೋಗಿ ಕೇಳಿಕೊಂಡು ಬರುತ್ತೇನೆ.